ಸ್ವಂತ ವಾಷಿಂಗ್ ಮಷೀನ್ ಹಾಕಿಸೋದಾ, ಕೆಳಗಿನ ತ್ವೆಟ್‌ಸ್ಟೂಗಾನೇ ಸಾಕಾ? (ಸ್ಟಾಕ್‌ಹೋಮ್)

ಹಾಸನ_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ಟಾಕ್‌ಹೋಮ್‌ನ ಫಾರ್ಸ್ತಾ ಕಡೆ ಇದ್ದೇವೆ. ನಾನು, ಹೆಂಡತಿ, ಎರಡು ಮಕ್ಕಳು. 1950ರ ದಶಕದ ಕಟ್ಟಡ, ಮನೆಯೊಳಗೆ ವಾಷಿಂಗ್ ಮಷೀನ್ ಇಲ್ಲ. ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಸೇರಿ ಒಂದು ಬಟ್ಟೆ ಒಗೆಯೋ ಕೋಣೆ ಇದೆ, ಅದೇ ತ್ವೆಟ್‌ಸ್ಟೂಗಾ. ಗೋಡೆ ಮೇಲಿನ ಬೋರ್ಡ್‌ನಲ್ಲಿ ನಮ್ಮ ಮನೆ ನಂಬರಿನ ಪುಟ್ಟ ಬೀಗವನ್ನು ಬೇಕಾದ ದಿನ, ಬೇಕಾದ ಹೊತ್ತಿಗೆ ಸಿಕ್ಕಿಸಿ ಬುಕ್ ಮಾಡಬೇಕು. ಒಂದು ಸಲಕ್ಕೆ ಮೂರು ಗಂಟೆ.

ಕಳೆದ ಭಾನುವಾರ ನಮ್ಮ ಸಮಯ ಮುಗಿದು ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಬಟ್ಟೆ ಇನ್ನೂ ಡ್ರೈಯರ್‌ನಲ್ಲಿತ್ತು. ಕೆಳಗೆ ಹೋಗಿ ನೋಡಿದರೆ ಎಲ್ಲವನ್ನೂ ಹಸಿಹಸಿ ತೆಗೆದು ಮೇಜಿನ ಮೇಲೆ ಹಾಕಿದ್ದಾರೆ. ಮೇಲೊಂದು ಚೀಟಿ: "ಸಮಯ ಎಲ್ಲರಿಗೂ ಒಂದೇ." ಪಕ್ಕದಲ್ಲಿ ನಗುವ ಮುಖದ ಚಿತ್ರ ಬೇರೆ. ಯಾರದ್ದು ಅಂತ ಗೊತ್ತು, ಎದುರು ಮನೆಯವರದ್ದು. ಲಿಫ್ಟ್‌ನಲ್ಲಿ ಸಿಕ್ಕರೆ "ಹೇ ಹೇ" (ಇಲ್ಲಿಯವರ ನಮಸ್ಕಾರ) ಅಂತ ನಗುತ್ತಾರೆ. ಒಂದು ಸಲ ಬಾಗಿಲು ತಟ್ಟಿ ಹೇಳಿದ್ದರೆ ಆಗುತ್ತಿರಲಿಲ್ವಾ?

ಪ್ರಶ್ನೆ ಇಷ್ಟೇ. ಹಳೇ ಸಾಮಾನು ಮಾರುವ ಬ್ಲಾಕೆಟ್ ಸೈಟ್‌ನಲ್ಲಿ ಬಳಸಿದ ಮಷೀನ್ ಕಡಿಮೆ ಬೆಲೆಗೆ ಸಿಗುತ್ತದೆ. ಬಾತ್‌ರೂಮ್‌ನಲ್ಲಿ ಜಾಗ ಇದೆ. ಹಾಕಿಸಿಬಿಡಲಾ? ಹೆಂಡತಿ ಬೇಡ ಅನ್ನುತ್ತಾಳೆ. ನೀವೆಲ್ಲ ಏನು ಮಾಡಿದ್ದೀರಿ?

ಖಾರಾಬಾತ್
ಹಾಕಿಸಿ ಗುರು. ಬಟ್ಟೆ ಒಗೆಯೋಕೂ ಅಪಾಯಿಂಟ್‌ಮೆಂಟ್ ಅಂದರೆ ಅದೆಂಥ ಬದುಕು.

ಸೋಲ್ನಾ_ಸಾಹುಕಾರ
ನಿಲ್ಲಿ ನಿಲ್ಲಿ. ಮೊದಲು ಒಂದು ವಿಷಯ ಹೇಳಿ. ಮನೆ ನಿಮ್ಮದಾ, ಆಂದ್ರಾಹಾಂಡ್ (ಇನ್ನೊಬ್ಬರ ಹೆಸರಿನ ಮನೆಯನ್ನು ಅವರಿಂದ ಪಡೆದ) ಬಾಡಿಗೆಯಾ?

ಹಾಸನ_ಹುಡುಗ
ಆಂದ್ರಾಹಾಂಡ್ ಸಾರ್. ಓನರ್ ಬೇರೆ ದೇಶದಲ್ಲಿದ್ದಾರೆ.

ಸೋಲ್ನಾ_ಸಾಹುಕಾರ
ಹಾಗಾದರೆ ನಲ್ಲಿ, ಡ್ರೈನ್ ಯಾವುದನ್ನೂ ಮುಟ್ಟಬೇಡಿ. ನಾನು ನಮ್ಮ ಕಟ್ಟಡದ ಸಂಘದ ಬೋರ್ಡ್‌ನಲ್ಲಿದ್ದೇನೆ. ಇಂಥ ಕೇಸು ನೋಡಿ ನೋಡಿ ಸಾಕಾಗಿದೆ.

ಇಲ್ಲಿ ಮನೆ ಕೊಂಡವರು ಕೂಡ ನಿಜ ಅರ್ಥದಲ್ಲಿ ಗೋಡೆ, ಪೈಪು ಕೊಂಡಿರುವುದಿಲ್ಲ. ಕಟ್ಟಡ ಸಂಘದ್ದು, ನಿಮಗೆ ಸಿಗುವುದು ಆ ಮನೆಯಲ್ಲಿ ವಾಸ ಮಾಡುವ ಹಕ್ಕು. ಅದಕ್ಕೇ ಬೂಸ್ಟಾಡ್ಸ್‌ರೆಟ್ ಅನ್ನುವುದು. ಓನರ್ ಬೇರೆಯವರಿಗೆ ಬಾಡಿಗೆಗೆ ಕೊಡಬೇಕಾದರೂ ಬೋರ್ಡ್ ಒಪ್ಪಿಗೆ ಬೇಕು. ನೀರಿನ ಪೈಪು ಬದಲಿಸಬೇಕಾದರೂ ಬೇಕು. ಬಾತ್‌ರೂಮ್ ನೆಲದ ಕೆಳಗೆ ನೀರು ಇಳಿಯದ ಹಾಗೆ ಒಂದು ಪದರ ಹಾಕಿರುತ್ತಾರೆ. ಅದಕ್ಕೆ ಯಾರೋ ಡ್ರಿಲ್ ಹೊಡೆದು, ಕೆಳಗಿನ ಮನೆಯ ಸೀಲಿಂಗ್ ತೇವ ಆಯಿತು ಅಂದುಕೊಳ್ಳಿ. ಆಗ ವಿಮೆಯವರು ಕೇಳುವ ಮೊದಲ ಪ್ರಶ್ನೆ, ಕೆಲಸ ಮಾಡಿದ್ದು ಅರ್ಹತಾಪತ್ರ ಇರುವ ಪ್ಲಂಬರಾ ಅಂತ.

ಓನರ್‌ಗೆ ಮೇಲ್ ಮಾಡಿ, ಅವರು ಬೋರ್ಡ್‌ಗೆ ಕೇಳಲಿ. ಎಲ್ಲ ಬರವಣಿಗೆಯಲ್ಲಿರಲಿ. ಅಲ್ಲಿಯವರೆಗೆ ಬುಟ್ಟಿ ಹೊತ್ತುಕೊಂಡು ಕೆಳಗೆ ಇಳಿಯಿರಿ.

ಗೋಥೆನ್‌ಬರ್ಗ್_ಅಕ್ಕ
ಹಾಸನದ ತಮ್ಮಾ, ಬೇಜಾರಾಗಬೇಡ. ನನ್ನ ಗಂಡ ಇಲ್ಲೇ ಹುಟ್ಟಿ ಬೆಳೆದವನು, ಅಪಾರ್ಟ್‌ಮೆಂಟ್‌ನಲ್ಲೇ ಇದ್ದವನು. ನಿನ್ನ ಪೋಸ್ಟ್ ಓದಿ ಹೇಳಿದೆ. ಮುಖ ಗಂಭೀರ ಮಾಡಿಕೊಂಡು "ಎಷ್ಟು ತಡ ಮಾಡಿದ್ದರು?" ಅಂತ ಮೊದಲು ಕೇಳಿದ! ಅವನಿಗೆ ಅದೇ ಮುಖ್ಯ. ಬಟ್ಟೆ ತೆಗೆದಿಟ್ಟದ್ದು ತಪ್ಪು ಅಂತ ಅನಿಸಲೇ ಇಲ್ಲ.

ಅವನ ಪ್ರಕಾರ ಚೀಟಿ ಬರೆಯುವುದೇ ಮರ್ಯಾದೆ. ಬಾಗಿಲು ತಟ್ಟಿದರೆ ಮನೆಯೊಳಗೆ ನುಗ್ಗಿ ಜಗಳ ತೆಗೆದ ಹಾಗೆ. ಚೀಟಿಯಾದರೆ ನೀನು ಓದುತ್ತೀಯ, ಸರಿಮಾಡಿಕೊಳ್ಳುತ್ತೀಯ, ಇಬ್ಬರಿಗೂ ಮುಖ ಕೆಂಪಾಗುವುದಿಲ್ಲ. ಆಮೇಲೆ ಲಿಫ್ಟ್‌ನಲ್ಲಿ ನಕ್ಕರೆ ಅದು ಸುಳ್ಳು ನಗು ಅಲ್ಲ. ಅವರ ಮಟ್ಟಿಗೆ ವಿಷಯ ಮುಗಿದಿದೆ.

ಧಾರವಾಡ_ಪೇಡಾ
ಅಕ್ಕಾರೆ, ನಮ್ಮ ಕಡೆ ಹಿಂಗ ಚೀಟಿ ಅಂಟಿಸಿದ್ರ ಮರುದಿನ ಇಡೀ ಓಣಿ ಕೂಡಿ ಪಂಚಾಯ್ತಿ ಮಾಡ್ತಿದ್ರು ನೋಡ್ರಿ.

ಗೋಥೆನ್‌ಬರ್ಗ್_ಅಕ್ಕ
ಇಲ್ಲೂ ಮಾಡುತ್ತಾರೆ ರೀ. ವರ್ಷಕ್ಕೊಮ್ಮೆ ಸಂಘದ ಮಹಾಸಭೆ ಅಂತ. ಅಜೆಂಡಾ ಇರುತ್ತದೆ, ಕಾಫಿ ಇರುತ್ತದೆ, ಕೈ ಎತ್ತಿ ಸರದಿಯಲ್ಲಿ ಮಾತಾಡಬೇಕು. ಸಿಟ್ಟು ಬಂದರೂ ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ.

ಲುಂಡ್_ವಿದ್ಯಾರ್ಥಿ
ಚೀಟಿಗೆ ಹೆಸರೇ ಇದೆಯಲ್ಲ, ಆರ್ಗ್ ಲಾಪ್, ಅಂದರೆ ಸಿಟ್ಟಿನ ಚೀಟಿ. ಅದರ ಬಗ್ಗೆ ಜೋಕುಗಳೇ ಬೇಕಾದಷ್ಟಿವೆ. ನಮ್ಮ ಹಾಸ್ಟೆಲ್ ಕಾರಿಡಾರ್‌ನ ಅಡುಗೆಮನೆ ತುಂಬ ಅವೇ. "ಯಾರೋ ನನ್ನ ಚೀಸ್ ತಿಂದಿದ್ದಾರೆ." ಅದರ ಕೆಳಗೆ ಇನ್ನೊಬ್ಬರು, "ಯಾರೋ ಅಲ್ಲ, ನಾನು. ಸ್ವಿಶ್ ಮಾಡುತ್ತೇನೆ, ಎಷ್ಟು?" ಸ್ವಿಶ್ ಅಂದರೆ ಫೋನ್‌ನಲ್ಲೇ ದುಡ್ಡು ಕಳಿಸುವುದು.

ಉಪ್ಸಲಾ_ಅಮ್ಮ
ನನ್ನ ಅಭಿಪ್ರಾಯ ಬೇರೆ. ನಮ್ಮ ಮನೆಯಲ್ಲಿ ಮಷೀನ್ ಇದೆ, ಆದರೂ ನಾನು ಕೆಳಗೇ ಹೋಗುತ್ತೇನೆ. ಲೆಕ್ಕ ನೋಡಿ. ಮನೆಯ ಮಷೀನ್ ಒಂದು ಲೋಡ್‌ಗೆ ಎರಡು ಗಂಟೆಗಿಂತ ಜಾಸ್ತಿ ತಗೊಳ್ಳುತ್ತದೆ. ಕೆಳಗಿರುವುದು ದೊಡ್ಡ ಮಷೀನ್. ಎರಡು ಮಷೀನ್ ಒಟ್ಟಿಗೆ ಹಾಕಿ, ಡ್ರೈಯರ್‌ಗೆ ಹಾಕಿ, ಬೆಡ್‌ಶೀಟ್‌ಗಳನ್ನು ಒಣಗಿಸೋ ಕಪಾಟಿನಲ್ಲಿ ನೇತುಹಾಕಿದರೆ ವಾರದ್ದು ಒಂದೇ ಸಲಕ್ಕೆ ಮುಗಿಯುತ್ತದೆ. ಕರೆಂಟು, ಬಿಸಿನೀರು ಎಲ್ಲ ತಿಂಗಳ ಶುಲ್ಕದಲ್ಲೇ ಬಂತು. ಮನೆಯಲ್ಲಿ ಒಗೆದರೆ ಕರೆಂಟು ಬಿಲ್ಲು ನಮ್ಮದು, ಬಟ್ಟೆ ಒಣಗಿಸಲು ಹಾಲ್ ತುಂಬ ಸ್ಟ್ಯಾಂಡು.

ಚಳಿಗಾಲದಲ್ಲಿ ಮಕ್ಕಳ ಓವರಾಲ್, ಗ್ಲೌಸು ಒಣಗಿಸೋಕೆ ಆ ಕಪಾಟು ಇಲ್ಲದಿದ್ದರೆ ಕಷ್ಟ ಕಣ್ರೀ. ಡಾಗಿಸ್‌ನಲ್ಲಿ (ಇಲ್ಲಿಯ ಶಿಶುವಿಹಾರ) ಮಳೆ ಬಂದರೂ ಹಿಮ ಬಿದ್ದರೂ ಹೊರಗೇ ಆಡಿಸುತ್ತಾರೆ. ದಿನಾ ಸಂಜೆ ಮಗು ಜೊತೆ ಅರ್ಧ ಬಕೆಟ್ ಮರಳು ಮನೆಗೆ ಬರುತ್ತದೆ.

ಬೆಂಗಳೂರಿಂದ_ಬರ್ತಿದ್ದೀನಿ
ಹೊಸಬ ನಾನು, ಮುಂದಿನ ತಿಂಗಳು ಮಾಲ್ಮೋಗೆ ಬರುತ್ತಿದ್ದೇನೆ. ಒಂದು ಡೌಟು. ಬೇರೆಯವರು ಏನೇನೋ ಒಗೆದ ಮಷೀನ್‌ನಲ್ಲಿ ನಮ್ಮ ಬಟ್ಟೆ ಹಾಕುವುದಕ್ಕೆ ಅಸಹ್ಯ ಅನಿಸುವುದಿಲ್ವಾ? ಅಮ್ಮ ಕೇಳಿದರೆ ಗಲಾಟೆ ಮಾಡುತ್ತಾರೆ. ದೇವರ ಕೋಣೆ ಬಟ್ಟೆ ಬೇರೆ.

ಮಂಗ್ಳೂರ್_ಬನ್ಸ್
ದೇವರ ಬಟ್ಟೆ ಕೈಯಲ್ಲಿ ಒಗೆಯಿರಿ ಮಾರಾಯ್ರೇ, ಅದಕ್ಕೆಂತ ಮಷೀನು.

ಉಪ್ಸಲಾ_ಅಮ್ಮ
ಬಳಸಿದ ಮೇಲೆ ಎಲ್ಲರೂ ಒರೆಸಿ ಇಡುತ್ತಾರೆ. ಪೌಡರ್ ಟ್ರೇ ತೊಳೆಯಬೇಕು, ಡ್ರೈಯರ್ ಫಿಲ್ಟರ್‌ನ ನಾರು ತೆಗೆಯಬೇಕು, ನೆಲ ಗುಡಿಸಬೇಕು. ಫಿಲ್ಟರ್ ತೆಗೆಯದೆ ಬಂದರೆ ಚೀಟಿ ಗ್ಯಾರಂಟಿ.

ಖಾರಾಬಾತ್
ನೋಡಿ, ಇದೇ ನನ್ನ ತಕರಾರು. ಬೆಂಗಳೂರಲ್ಲಿ ಬೆಳಿಗ್ಗೆ ಕೆಲಸದವರು ಬಂದು ಎಲ್ಲ ಮಾಡಿ ಹೋಗುತ್ತಿದ್ದರು. ಇಲ್ಲಿ ಇಂಜಿನಿಯರ್ ಸಂಬಳ ತಗೊಂಡು ಡ್ರೈಯರ್ ನಾರು ಕೀಳುತ್ತಾ ಕೂರಬೇಕು.

ಸೋಲ್ನಾ_ಸಾಹುಕಾರ
ಕೀಳಬೇಕು, ಅದರಲ್ಲೇನಿದೆ? ನಮ್ಮ ಕಟ್ಟಡದಲ್ಲಿ ಒಬ್ಬರು ಸರ್ಜನ್ ಇದ್ದಾರೆ. ವಸಂತದಲ್ಲೊಂದು, ಶರತ್ಕಾಲದಲ್ಲೊಂದು ಸ್ಟೆಡ್‌ಡಾಗ್ ಇರುತ್ತದೆ, ಅಂದರೆ ಎಲ್ಲರೂ ಸೇರಿ ಅಂಗಳ ಕ್ಲೀನ್ ಮಾಡುವ ದಿನ. ಅವರೇ ಮೊದಲು ಬಂದು ಎಲೆ ಗುಡಿಸುತ್ತಾರೆ. ಆಮೇಲೆ ಸಾಸೇಜ್ ಸುಟ್ಟು ತಿಂದು, ಕಾಫಿ ಕುಡಿದು ಮನೆಗೆ. ವರ್ಷದಲ್ಲಿ ನೆರೆಹೊರೆಯವರ ಜೊತೆ ನಿಜವಾಗಿ ಮಾತಾಡುವುದು ಅವತ್ತೇ. ಸಸ್ಯಾಹಾರಿ ಸಾಸೇಜೂ ಇಟ್ಟಿರುತ್ತಾರೆ, ತಪ್ಪಿಸಿಕೊಳ್ಳಬೇಡಿ.

ಕೆಲಸದವರು ಬೇಕೇ ಬೇಕು ಅಂದರೆ ರೂಟ್ ರಿಯಾಯಿತಿ ಇದೆ. 2007ರಿಂದ ಇದೆ. ಮನೆ ಕ್ಲೀನಿಂಗ್ ಕಂಪನಿಯವರನ್ನು ಕರೆದರೆ ಕೂಲಿಯ ಅರ್ಧ ತೆರಿಗೆಯಲ್ಲಿ ಕಳೆಯುತ್ತದೆ. ಇಲ್ಲಿಯವರೂ ಎಷ್ಟೋ ಜನ ಎರಡು ವಾರಕ್ಕೊಮ್ಮೆ ಕರೆಸುತ್ತಾರೆ. ಆದರೆ ಅವರಿಗೂ ಪೂರ್ತಿ ಸಂಬಳ, ರಜೆ, ಪಿಂಚಣಿ ಎಲ್ಲ ಇದೆ. ಅದಕ್ಕೇ ಆ ಬೆಲೆ.

ಖಾರಾಬಾತ್
ಸರಿ ಸಾರ್, ಬೆಂಗಳೂರಲ್ಲಿ ಅದು ಇರಲಿಲ್ಲ ಅನ್ನುವುದು ಒಪ್ಪುತ್ತೇನೆ. ಆದರೂ ನಾರು ಕೀಳುವುದು ಇಷ್ಟ ಇಲ್ಲ.

ಹಾಸನ_ಹುಡುಗ
ಓನರ್‌ಗೆ ಮೇಲ್ ಹಾಕಿದ್ದೇನೆ. ಅಂದಹಾಗೆ ಅದೇ ಎದುರು ಮನೆಯವರ ಇನ್ನೊಂದು ದೂರು ನೆನಪಾಯಿತು. ನಮ್ಮ ಒಗ್ಗರಣೆ ವಾಸನೆ ಅವರ ಮನೆಗೆ ಹೋಗುತ್ತದಂತೆ. ಚಿಮಣಿ ಇಲ್ಲ, ಒಲೆ ಮೇಲೆ ಬರೀ ಒಂದು ತಗಡಿನ ಡಬ್ಬ ಇದೆ. ಜೋರಾಗಿ ಎಳೆಯುವ ಫ್ಯಾನ್ ಹಾಕಿಸಿದರೆ?

ಸೋಲ್ನಾ_ಸಾಹುಕಾರ
ಅಯ್ಯೋ, ಅದೂ ಬೇಡ! ಎಷ್ಟೋ ಹಳೆಯ ಕಟ್ಟಡಗಳಲ್ಲಿ ಗಾಳಿ ಹೊರಗೆ ಹೋಗುವ ದಾರಿ ಎಲ್ಲ ಮನೆಗೂ ಸೇರಿ ಒಂದೇ. ಅದಕ್ಕೆ ನೀವು ಮೋಟಾರ್ ಇರುವ ಫ್ಯಾನ್ ಜೋಡಿಸಿದರೆ ನಿಮ್ಮ ಇಂಗಿನ ಘಮ ನೇರವಾಗಿ ಮೇಲಿನ ಮನೆಯ ಬಾತ್‌ರೂಮ್‌ಗೆ ಹೋಗುತ್ತದೆ. ಇಡೀ ಕಟ್ಟಡದ ಗಾಳಿಯ ಹದ ಕೆಡುತ್ತದೆ. 1991ರಿಂದ ಕಟ್ಟಡಗಳಿಗೆ ಗಾಳಿ ವ್ಯವಸ್ಥೆಯ ಕಡ್ಡಾಯ ತಪಾಸಣೆ ಇದೆ, ಓವಿಕೆ ಅಂತ. ತಪಾಸಣೆಯವರು ಮನೆಯೊಳಗೇ ಬಂದು ಅಳೆಯುತ್ತಾರೆ. ಸಿಕ್ಕಿಬೀಳುತ್ತೀರಿ.

ಇದ್ದಿಲು ಫಿಲ್ಟರ್ ಇರುವ ಫ್ಯಾನ್ ಹಾಕಿಸಬಹುದು. ಅದು ಗಾಳಿಯನ್ನು ಸೋಸಿ ಅಡುಗೆಮನೆಗೇ ಬಿಡುತ್ತದೆ. ಫಿಲ್ಟರ್ ಆಗಾಗ ಬದಲಿಸಬೇಕು. ನಮ್ಮ ಅಡುಗೆಗೆ ಇನ್ನೂ ಬೇಗ.

ಮಂಗ್ಳೂರ್_ಬನ್ಸ್
ನಾವು ಮೀನು ಹುರಿಯುವುದು ಬಾಲ್ಕನಿಯಲ್ಲಿ, ಕರೆಂಟ್ ಒಲೆ ಇಟ್ಟುಕೊಂಡು. ಜನವರಿಯಲ್ಲೂ. ಟೊಪ್ಪಿ ಹಾಕಿಕೊಂಡು ಬಂಗುಡೆ ಹುರಿಯುವುದು ನೋಡಿ ಕೆಳಗೆ ನಾಯಿ ವಾಕಿಂಗ್ ಮಾಡುವವರು ನಿಂತು ನೋಡುತ್ತಾರೆ.

ಧಾರವಾಡ_ಪೇಡಾ
ಅವರ ಸುರ್‌ಸ್ಟ್ರೆಮ್ಮಿಂಗ್ ಡಬ್ಬಿ ಒಡದ್ರ ನಿಮ್ಮ ಬಂಗುಡೆ ಅತ್ತರ್ ಇದ್ದಂಗ ಬಿಡ್ರಿ.

ಗೋಥೆನ್‌ಬರ್ಗ್_ಅಕ್ಕ
ಆ ಹುಳಿ ಬಂದ ಹೆರಿಂಗ್ ಮೀನು ಉತ್ತರದ ಕಡೆಯವರದ್ದು ರೀ, ಆಗಸ್ಟ್ ಕೊನೆಯಲ್ಲಿ ತಿನ್ನುತ್ತಾರೆ. ಅವರೂ ಡಬ್ಬಿ ಒಡೆಯುವುದು ಮನೆ ಹೊರಗೇ. ನನ್ನ ಗಂಡ ಅದನ್ನು ಬಾಯಿಗೂ ಇಟ್ಟಿಲ್ಲ. ಪೇಟೆಯವರ ಅಡುಗೆ ಬೇರೆಯೇ. ನಮ್ಮ ಅತ್ತೆ ಮನೆಯಲ್ಲಿ ಶುಕ್ರವಾರ ಅಂದರೆ ಟಾಕೋ. ಮೆಕ್ಸಿಕೋದವರು ನೋಡಿದರೆ ಗುರುತು ಹಿಡಿಯುವುದಿಲ್ಲ, ಸೌತೆಕಾಯಿ ಹಾಕುತ್ತಾರೆ. ಸೋಫಾದಲ್ಲಿ ಕೂತು, ಟೀವಿ ಹಾಕಿಕೊಂಡು, ಚಿಪ್ಸ್ ತಿನ್ನುತ್ತಾರೆ. ಅದಕ್ಕೆ ಫ್ರೇದಾಗ್ಸ್‌ಮ್ಯೂಸ್ ಅನ್ನುತ್ತಾರೆ. ಮಾವನವರಿಗೆ ಗುರುವಾರ ಅಂದರೆ ಬಟಾಣಿ ಸೂಪು, ಪ್ಯಾನ್‌ಕೇಕ್. ಆಫೀಸ್ ಹತ್ತಿರದ ಹೋಟೆಲುಗಳಲ್ಲಿ ಇವತ್ತಿಗೂ ಗುರುವಾರ ಅದು ಸಿಗುತ್ತದೆ.

ಬೆಂಗಳೂರಿಂದ_ಬರ್ತಿದ್ದೀನಿ
ಮಕ್ಕಳಿಗೆ ಶನಿವಾರ ಮಾತ್ರ ಚಾಕೊಲೇಟ್ ಕೊಡುತ್ತಾರಂತೆ, ನಿಜವಾ?

ಉಪ್ಸಲಾ_ಅಮ್ಮ
ನಿಜ, ಲೋರ್ದಾಗ್ಸ್‌ಗೂಡಿಸ್. ಶನಿವಾರ ಅಂಗಡಿಗೆ ಕರೆದುಕೊಂಡು ಹೋಗಿ, ಡಬ್ಬಗಳಿಂದ ಬೇಕಾದ್ದನ್ನು ಆರಿಸಿ ಕಾಗದದ ಚೀಲಕ್ಕೆ ತುಂಬಿಸಿಕೊಡುವುದು. ನನಗೆ ತುಂಬಾ ಇಷ್ಟವಾದ ಪದ್ಧತಿ ಇದು. ಸೋಮವಾರದಿಂದ ಶುಕ್ರವಾರದವರೆಗೆ "ಶನಿವಾರ" ಅಂದರೆ ಸಾಕು, ಹಟ ಇಲ್ಲ.

ಲುಂಡ್_ವಿದ್ಯಾರ್ಥಿ
ಅದರ ಹಿಂದಿನ ಕಥೆ ಕೇಳಿದರೆ ಅಷ್ಟು ಸಿಹಿ ಇಲ್ಲ ಅಕ್ಕ. 1940ರ ದಶಕದಲ್ಲಿ ಇಲ್ಲೇ ಲುಂಡ್‌ನ ವಿಪೆಹೋಲ್ಮ್ ಅನ್ನುವ ಸಂಸ್ಥೆಯಲ್ಲಿ ಬುದ್ಧಿಮಾಂದ್ಯರನ್ನು ಇಟ್ಟಿದ್ದರು. ಸಕ್ಕರೆಯಿಂದ ಹಲ್ಲು ಹುಳುಕಾಗುತ್ತದಾ ಅಂತ ನೋಡಲು ಅವರ ಮೇಲೆ ಪ್ರಯೋಗ ಮಾಡಿದರು. ಹಲ್ಲಿಗೆ ಅಂಟಿಕೊಳ್ಳುವ ಟಾಫಿ ತಿನ್ನಿಸಿದರು, ಒಪ್ಪಿಗೆ ಕೇಳಲಿಲ್ಲ. ಎಷ್ಟೋ ಜನರ ಹಲ್ಲು ಹಾಳಾಯಿತು. ಸಿಹಿ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ ಅಂತ ಗೊತ್ತಾಯಿತು. ವಾರಕ್ಕೊಂದೇ ಸಲ ಕೊಡಿ ಅನ್ನುವ ಸಲಹೆ ಅಲ್ಲಿಂದ ಬಂತು.

ಉಪ್ಸಲಾ_ಅಮ್ಮ
ಇದು ಗೊತ್ತಿರಲಿಲ್ಲ. ಪಾಪ.

ಖಾರಾಬಾತ್
ಶನಿವಾರದ ಮಾತು ಬಂತಲ್ಲ, ದೊಡ್ಡವರಿಗೂ ಶನಿವಾರ ಪರೀಕ್ಷೆಯೇ. ಸಿಸ್ಟೆಂಬೊಲಾಗೆಟ್, ಅಂದರೆ ಸರ್ಕಾರಿ ಮದ್ಯದಂಗಡಿ, ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುತ್ತದೆ, ಭಾನುವಾರ ತೆಗೆಯುವುದೇ ಇಲ್ಲ. ಎರಡೂ ಮುಕ್ಕಾಲಿಗೆ ಜನ ಓಡುವುದು ನೋಡಬೇಕು. ಬೇರೆ ಯಾವುದಕ್ಕೂ ಓಡದ ಜನ.

ಸೋಲ್ನಾ_ಸಾಹುಕಾರ
ಮೂಲ ವಿಷಯಕ್ಕೆ ಬನ್ನಿ ಸ್ವಾಮಿ.

ಖಾರಾಬಾತ್
ಮೂಲ ವಿಷಯ ಯಾವುದಿತ್ತು?

ಹಾಸನ_ಹುಡುಗ
ವಾಷಿಂಗ್ ಮಷೀನ್ 😀 ಹೋಗಲಿ ಬಿಡಿ, ಇನ್ನೊಂದು ಕೇಳುತ್ತೇನೆ. ಮನೆ ಒಳಗೆ ಚಳಿ. ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತದೆ. ರೇಡಿಯೇಟರ್ ತಿರುಗಿಸಿದರೂ ಜಾಸ್ತಿ ಆಗುವುದಿಲ್ಲ. ಎದುರು ಮನೆಯವರು ಅಷ್ಟು ಚಳಿಯಲ್ಲೂ ಬೆಳಿಗ್ಗೆ ಕಿಟಕಿ ಪೂರ್ತಿ ತೆಗೆದಿಡುತ್ತಾರೆ.

ಗೋಥೆನ್‌ಬರ್ಗ್_ಅಕ್ಕ
ಐದು ನಿಮಿಷ ತೆಗೆದು ಮುಚ್ಚುತ್ತಾರೆ, ಗಾಳಿ ಬದಲಾಗಲಿ ಅಂತ. ದಿನವಿಡೀ ಸ್ವಲ್ಪ ಸ್ವಲ್ಪ ತೆರೆದಿಟ್ಟರೆ ಗೋಡೆ ತಣ್ಣಗಾಗುತ್ತದೆ. ಮಲಗುವ ಕೋಣೆ ಇನ್ನೂ ತಣ್ಣಗಿರಬೇಕು ಇವರಿಗೆ. ಅದಕ್ಕೇ ಗಂಡ ಹೆಂಡತಿಗೆ ಒಂದೇ ಹಾಸಿಗೆ, ಆದರೆ ಹೊದಿಕೆ ಬೇರೆ ಬೇರೆ. ಮದುವೆಯಾದ ಹೊಸದರಲ್ಲಿ ನನಗೆ ಅವಮಾನ ಅನಿಸಿತ್ತು. ಈಗ ಯಾರಾದರೂ ಒಂದೇ ಹೊದಿಕೆ ಕೊಟ್ಟರೆ ಜಗಳ ಆಡುತ್ತೇನೆ.

ಧಾರವಾಡ_ಪೇಡಾ
ಈ ಪದ್ಧತಿ ನಾನೂ ಒಪ್ಪಿದೆ ರೀ. ನಮ್ಮ ಮನಿಯಾಕಿ ರಾತ್ರಿ ಪೂರಾ ಹೊದಿಕೆ ಎಳಕೋತಾಳ.

ಸೋಲ್ನಾ_ಸಾಹುಕಾರ
20 ಡಿಗ್ರಿ ಅಂದರೆ ನಿಯಮದ ಒಳಗೇ ಇದೆ. ಸಾರ್ವಜನಿಕ ಆರೋಗ್ಯ ಇಲಾಖೆಯ ಸಲಹೆಯೇ 20ರಿಂದ 23. ಅದಕ್ಕಿಂತ ಕಡಿಮೆ ಇಳಿದರೆ ದೂರು ಕೊಡಿ. ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಕೂತಿದೆ ಅಂತ ಅರ್ಥ, ಗಾಳಿ ಬಿಡಿಸಬೇಕು. ಸೋಫಾ ರೇಡಿಯೇಟರ್‌ಗೆ ಅಂಟಿಸಿ ಇಟ್ಟಿದ್ದೀರಾ ನೋಡಿ. ದಪ್ಪ ಪರದೆಯೂ ಬೇಡ. ಕಾಲಿಗೆ ಉಣ್ಣೆ ಸಾಕ್ಸ್ ಹಾಕಿ. ಮನೆಯೊಳಗೆ ಚಪ್ಪಲಿ ಹಾಕದಿರುವುದು ನಮಗೂ ಅವರಿಗೂ ಒಂದೇ ರೂಢಿ, ಅಷ್ಟಾದರೂ ಹೊಂದಿಕೆ ಇದೆ.

ನಿಮ್ಮ ಕಡೆಯ ಬಿಸಿ ಎಲ್ಲಿಂದ ಬರುತ್ತದೆ ಗೊತ್ತಾ? ಸ್ಟಾಕ್‌ಹೋಮ್‌ನ ದಕ್ಷಿಣಕ್ಕೆ ಹೋಗ್ದಾಲೆನ್‌ನಲ್ಲಿ ದೊಡ್ಡ ಸ್ಥಾವರ ಇದೆ. ನಗರದ ಕಸ ಸುಟ್ಟು ನೀರು ಕಾಯಿಸಿ ಪೈಪಿನಲ್ಲಿ ಮನೆಗಳಿಗೆ ಕಳಿಸುತ್ತಾರೆ. ಅಡುಗೆಯ ತ್ಯಾಜ್ಯ, ತರಕಾರಿ ಸಿಪ್ಪೆ ಮಾತ್ರ ಆ ಕಸದೊಳಗೆ ಹಾಕಬೇಡಿ. 2024ರಿಂದ ಆಹಾರದ ಕಸ ಬೇರೆ ಮಾಡುವುದು ಕಡ್ಡಾಯ, ಅದರಿಂದ ಗ್ಯಾಸ್ ಮಾಡುತ್ತಾರೆ.

ಮಂಗ್ಳೂರ್_ಬನ್ಸ್
ತೆಂಗಿನ ಚಿಪ್ಪು ಯಾವುದಕ್ಕೆ ಹಾಕುವುದು? ಇದು ತಮಾಷೆ ಅಲ್ಲ, ನಿಜವಾದ ಪ್ರಶ್ನೆ.

ಉಪ್ಸಲಾ_ಅಮ್ಮ
ನಿಮ್ಮ ಕೊಮ್ಯೂನ್ (ಇಲ್ಲಿಯ ಪುರಸಭೆ) ವೆಬ್‌ಸೈಟ್‌ನಲ್ಲಿ ಕಸದ ಹೆಸರು ಹಾಕಿ ಹುಡುಕಬಹುದು. ಊರಿಂದ ಊರಿಗೆ ನಿಯಮ ಬೇರೆ. ಬಾಟಲು, ಕ್ಯಾನ್ ಮಾತ್ರ ಕಸಕ್ಕೆ ಹಾಕಲೇಬೇಡಿ. ಅಂಗಡಿಯ ಪಾಂಟ್ ಮಷೀನ್‌ಗೆ ಹಾಕಿದರೆ ದುಡ್ಡು ವಾಪಸ್. ನಮ್ಮ ಮಗನ ಪಾಕೆಟ್ ಮನಿ ಅದೇ.

ಲುಂಡ್_ವಿದ್ಯಾರ್ಥಿ
ಇಲ್ಲಿನ ಕಾಫಿ ಬಗ್ಗೆ ಯಾರೂ ಮಾತೇ ಆಡಿಲ್ಲ. ದಿನಕ್ಕೆರಡು ಸಲ ಫೀಕಾ, ಅಂದರೆ ಕಾಫಿ ಬಿಡುವು, ಅಂತ ಎಳೆದುಕೊಂಡು ಹೋಗುತ್ತಾರೆ, ಹೋಗದಿದ್ದರೆ ಬೇಜಾರು. ಕೊಡುವುದು ಲೋಟದ ತುಂಬ ಕರಿ ನೀರು.

ಹಾಸನ_ಹುಡುಗ
ಸಕಲೇಶಪುರ ಪಕ್ಕದವನು ನಾನು, ಈ ವಿಷಯದಲ್ಲಿ ರಾಜಿ ಇಲ್ಲ. ಆಫೀಸ್ ಡ್ರಾಯರ್‌ನಲ್ಲಿ ಡಿಕಾಕ್ಷನ್ ಬಾಟಲಿ ಇಟ್ಟುಕೊಂಡಿದ್ದೇನೆ. ಮೈಕ್ರೋವೇವ್‌ನಲ್ಲಿ ಹಾಲು ಕಾಯಿಸಿ ಬೆರೆಸಿಕೊಳ್ಳುತ್ತೇನೆ. ನಮ್ಮ ಟೀಮಿನ ಇಬ್ಬರು ಸ್ವೀಡಿಷರು ಈಗ ಅದಕ್ಕೇ ಕಾಯುತ್ತಾರೆ. ಚಿಕೋರಿ ಅಂದರೆ ಏನು ಅಂತ ವಿವರಿಸಿ ಸಾಕಾಯಿತು.

ಗೋಥೆನ್‌ಬರ್ಗ್_ಅಕ್ಕ
ಕುಡಿಯುವುದಕ್ಕಿಂತ ಜೊತೆಗೆ ಕೂರುವುದು ಮುಖ್ಯ ತಮ್ಮಾ. ಮೇಲಿನ ಬಾಸ್, ಕೆಳಗಿನ ಇಂಟರ್ನ್ ಎಲ್ಲ ಒಂದೇ ಮೇಜು, ಎಲ್ಲರಿಗೂ ಹೆಸರು ಹಿಡಿದೇ ಕರೆಯುವುದು. ನಮ್ಮ ಅತ್ತೆ ಚಿಕ್ಕವರಿದ್ದಾಗ ಹೀಗಿರಲಿಲ್ಲವಂತೆ. ಆಗ ಎದುರಿನವರ ಹುದ್ದೆ ಹಿಡಿದು ಮಾತಾಡಿಸಬೇಕಿತ್ತು. 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರು ಬ್ರೂರ್ ರೆಕ್ಸೆಡ್ ಕೆಲಸಕ್ಕೆ ಸೇರಿದ ದಿನವೇ ಎಲ್ಲರನ್ನೂ "ದು", ಅಂದರೆ "ನೀನು", ಅಂತಲೇ ಕರೆಯುತ್ತೇನೆ ಅಂದುಬಿಟ್ಟರು. ಕೆಲವೇ ವರ್ಷಗಳಲ್ಲಿ ಇಡೀ ದೇಶ ಹಾಗೆ ಆಯಿತು. ನನಗೆ ಮಾತ್ರ ಅತ್ತೆಯನ್ನು ಹೆಸರು ಹಿಡಿದು ಕರೆಯಲು ಇನ್ನೂ ನಾಲಿಗೆ ಹೊರಳುವುದಿಲ್ಲ. "ಹೇ" ಅಂತ ಮಾತು ಶುರುಮಾಡಿ ತಪ್ಪಿಸಿಕೊಳ್ಳುತ್ತೇನೆ.

ಧಾರವಾಡ_ಪೇಡಾ
ಅಕ್ಕಾರೆ, ಗೆಳೆಯರ ಮಕ್ಕಳು ಮನಿಗೆ ಬಂದ್ರ ಊಟಕ್ಕ ಕರಿಯೂದಿಲ್ಲಂತ ಒಮ್ಮೆ ಇಂಟರ್ನೆಟ್ ತುಂಬ ಗದ್ದಲ ಆಗಿತ್ತಲ್ಲ, 2022ರಾಗ. ಅದು ಖರೇನ?

ಗೋಥೆನ್‌ಬರ್ಗ್_ಅಕ್ಕ
ನನ್ನ ಗಂಡ ಖರೆ ಅನ್ನುತ್ತಾನೆ, ಅವನ ತಂಗಿ ಸುಳ್ಳು ಅನ್ನುತ್ತಾಳೆ. ಒಂದೇ ಮನೆಯಲ್ಲಿ ಬೆಳೆದವರು! ಅವನು ಚಿಕ್ಕವನಿದ್ದಾಗ ಗೆಳೆಯನ ಮನೆಯವರು ಊಟಕ್ಕೆ ಕೂತರೆ ಇವನು ಕೋಣೆಯಲ್ಲಿ ಲೆಗೋ ಆಡುತ್ತಾ ಕಾಯುತ್ತಿದ್ದನಂತೆ. ಆ ಮಗುವಿಗೆ ಅವರ ಮನೆಯಲ್ಲಿ ಅಡುಗೆ ಕಾದಿರುತ್ತದೆ, ನಾವು ಯಾಕೆ ಕೆಡಿಸಬೇಕು ಅನ್ನುವ ಲೆಕ್ಕ. ಈಗಿನವರು ಒಂದು ಮೆಸೇಜ್ ಹಾಕಿ ಕೇಳಿ ಊಟ ಕೊಡುತ್ತಾರೆ. ನಮ್ಮ ಮನೆಗೆ ಬಂದ ಮಕ್ಕಳು ಮಾತ್ರ ಚಪಾತಿ ತಿನ್ನದೆ ಹೋಗುವ ಹಾಗಿಲ್ಲ.

ಬೆಂಗಳೂರಿಂದ_ಬರ್ತಿದ್ದೀನಿ
ಇಷ್ಟೆಲ್ಲ ಓದಿ ಹೆದರಿಕೆ ಆಗುತ್ತಿದೆ. ಹೊಸಬರು ಮೊದಲು ಏನು ಮಾಡಬೇಕು?

ಸೋಲ್ನಾ_ಸಾಹುಕಾರ
ಮೊದಲು ಪೆರ್ಸೂನ್‌ನುಮ್ಮರ್ (ಇಲ್ಲಿಯ ಗುರುತಿನ ಸಂಖ್ಯೆ), ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಬ್ಯಾಂಕ್‌ಐಡಿ (ಫೋನಿನಲ್ಲಿ ಗುರುತು ತೋರಿಸುವ ಆ್ಯಪ್), ಆಮೇಲೆ ಸ್ವಿಶ್. ಇದೇ ಕ್ರಮದಲ್ಲಿ. ಇದಿಲ್ಲದೆ ಸಂತೆಯಲ್ಲಿ ಹಳೇ ಕುರ್ಚಿ ಕೊಳ್ಳುವುದೂ ಕಷ್ಟ, ನೋಟು ಬೇಡ ಅನ್ನುವ ಅಂಗಡಿಗಳು ಎಷ್ಟೋ ಇವೆ. ಬಾಡಿಗೆ ಮನೆಯ ಕ್ಯೂಗೆ ಕೂಡಲೇ ಹೆಸರು ಹಾಕಿ. ಬೇಡ ಅನಿಸಿದರೂ ಹಾಕಿ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಮನೆ ವಿಮೆ ಮಾಡಿಸಿ.

ಲುಂಡ್_ವಿದ್ಯಾರ್ಥಿ
ಇನ್ನೊಂದು. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ನ ಮೊದಲ ಸೋಮವಾರ ಮಧ್ಯಾಹ್ನ ಮೂರಕ್ಕೆ ಊರಿಗೆಲ್ಲ ಕೇಳುವ ಹಾಗೆ ಸೈರನ್ ಕೂಗುತ್ತದೆ. ಯುದ್ಧ ಅಲ್ಲ, ಟೆಸ್ಟಿಂಗ್. ನಾನು ಮೊದಲ ಸಲ ಕೇಳಿದಾಗ ಅಕ್ಕಪಕ್ಕ ಒಬ್ಬರೂ ತಲೆ ಎತ್ತಲಿಲ್ಲ.

ಹಾಸನ_ಹುಡುಗ
ಅಪ್‌ಡೇಟ್: ಓನರ್ ಉತ್ತರ ಬಂತು. ಬೋರ್ಡ್ ಒಪ್ಪುವುದಿಲ್ಲವಂತೆ, ಹಳೇ ಡ್ರೈನ್ ತಡೆಯುವುದಿಲ್ಲ ಅಂತ. ಸೋಲ್ನಾ ಸಾರ್ ಹೇಳಿದ ಹಾಗೇ ಆಯಿತು. ಹೆಂಡತಿ ನಗುತ್ತಿದ್ದಾಳೆ. ಬುಧವಾರ ಬೆಳಿಗ್ಗೆ ಏಳರ ಸಮಯ ಯಾವಾಗಲೂ ಖಾಲಿ ಇರುತ್ತದೆ, ಅದನ್ನೇ ಹಿಡಿದಿದ್ದೇನೆ. ಮನೆಯಿಂದ ಕೆಲಸ ಮಾಡುವ ದಿನ ಅದು. ಫೋನ್‌ನಲ್ಲಿ ಅಲಾರಂ ಇಟ್ಟಿದ್ದೇನೆ.

ಎದುರು ಮನೆಯವರಿಗೆ ಉತ್ತರ ಚೀಟಿ ಬರೆಯಲಾ ಬೇಡವಾ?

ಖಾರಾಬಾತ್
ಬರೆಯಿರಿ. ನಗುವ ಮುಖ ಎರಡು ಹಾಕಿ.

ಗೋಥೆನ್‌ಬರ್ಗ್_ಅಕ್ಕ
ಬೇಡ ಕಣೋ. ಸ್ಟೆಡ್‌ಡಾಗ್ ದಿನ ಹೋಗಿ ಅವರ ಪಕ್ಕದಲ್ಲಿ ಎಲೆ ಗುಡಿಸು. ಕೋಡುಬಳೆ ತಗೊಂಡು ಹೋಗು, ಖಾರ ಕಡಿಮೆ ಹಾಕಿಸು.

ಮಂಗ್ಳೂರ್_ಬನ್ಸ್
ತೆಂಗಿನ ಚಿಪ್ಪಿಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ನಮ್ಮ ಕೊಮ್ಯೂನ್ ಸೈಟಿನಲ್ಲಿ ಹುಡುಕಿದರೆ ಬಾಳೆಹಣ್ಣಿನ ಸಿಪ್ಪೆ ಸಿಗುತ್ತದೆ, ತೆಂಗಿನಕಾಯಿ ಇಲ್ಲ. ಫೋನ್ ಮಾಡಿ ಕೇಳುತ್ತೇನೆ, ಕ್ಯೂನಲ್ಲಿ ನನ್ನ ಮುಂದೆ ಹನ್ನೊಂದು ಜನ ಇದ್ದಾರಂತೆ.